ಒಂದು ಬ್ಯಾಂಕಿನ ನಿಷೇಧ, ಐದು ಬ್ಯಾಂಕುಗಳ ಬಾಗಿಲು

ಪ್ರಶ್ನೆ: ವಿಶ್ವ ಬ್ಯಾಂಕಿನ ಕಪ್ಪುಪಟ್ಟಿಗೆ ಸೇರಿದ ಕಂಪನಿಯು ಏಷ್ಯಾ ಅಭಿವೃದ್ಧಿ ಬ್ಯಾಂಕ್ ಸಾಲ ಕೊಟ್ಟ ಕಾಮಗಾರಿಗೆ ಟೆಂಡರ್ ಹಾಕಬಹುದೇ?

ಉತ್ತರ: ಸಾಮಾನ್ಯವಾಗಿ ಹಾಕುವಂತಿಲ್ಲ. 2010ರ ಏಪ್ರಿಲ್ 9ರಂದು ವಿಶ್ವ ಬ್ಯಾಂಕ್ ಸಮೂಹ, ಏಷ್ಯಾ, ಆಫ್ರಿಕಾ ಮತ್ತು ಅಂತರ-ಅಮೆರಿಕ ಅಭಿವೃದ್ಧಿ ಬ್ಯಾಂಕುಗಳು ಹಾಗೂ ಯುರೋಪಿನ ಪುನರ್ನಿರ್ಮಾಣ ಮತ್ತು ಅಭಿವೃದ್ಧಿ ಬ್ಯಾಂಕ್ ಮಾಡಿಕೊಂಡ ಒಪ್ಪಂದದ ಪ್ರಕಾರ, ವಂಚನೆ, ಲಂಚ, ಒಳಒಪ್ಪಂದ ಅಥವಾ ಬೆದರಿಕೆಗಾಗಿ ಇವುಗಳಲ್ಲೊಂದು ಯಾರನ್ನಾದರೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬಹಿರಂಗವಾಗಿ ಹೊರಗಿಟ್ಟರೆ, ಉಳಿದ ನಾಲ್ಕೂ ಮತ್ತೆ ವಿಚಾರಣೆ ನಡೆಸದೆ ಆ ನಿಷೇಧವನ್ನು ಜಾರಿಗೊಳಿಸುತ್ತವೆ. ಕಾನೂನಿನ ತೊಡಕಿದ್ದರೆ ಹಿಂದೆ ಸರಿಯಲು ಅವಕಾಶವಿದೆ; ಒಂದು ವರ್ಷ ಅಥವಾ ಅದಕ್ಕಿಂತ ಕಡಿಮೆಯ ಶಿಕ್ಷೆ ಆಯಾ ಬ್ಯಾಂಕಿಗಷ್ಟೇ ಸೀಮಿತ.

ಬಾಂಗ್ಲಾದೇಶದ ಪದ್ಮಾ ಸೇತುವೆಯ ಪ್ರಕರಣವನ್ನೇ ನೋಡಿ. ಭ್ರಷ್ಟಾಚಾರದ ಆರೋಪದಿಂದ ವಿಶ್ವ ಬ್ಯಾಂಕ್ 2012ರಲ್ಲಿ 120 ಕೋಟಿ ಡಾಲರ್ ಸಾಲವನ್ನು ರದ್ದುಪಡಿಸಿತು. ಮರುವರ್ಷ ಇದೇ ಪ್ರಕರಣದಲ್ಲಿ ಸಿಲುಕಿದ್ದ ಕೆನಡಾದ ಎಸ್‌ಎನ್‌ಸಿ-ಲಾವಲಿನ್ ಎಂಬ ಎಂಜಿನಿಯರಿಂಗ್ ಕಂಪನಿಯ ಒಂದು ಘಟಕವನ್ನೂ ಅದರ ನೂರಕ್ಕೂ ಹೆಚ್ಚು ಅಂಗಸಂಸ್ಥೆಗಳನ್ನೂ 10 ವರ್ಷ ನಿಷೇಧಿಸಿತು. 2017ರಲ್ಲಿ ಕೆನಡಾದ ನ್ಯಾಯಾಲಯವು ದೂರವಾಣಿ ಕದ್ದಾಲಿಕೆಯ ಸಾಕ್ಷ್ಯವನ್ನು ತಳ್ಳಿಹಾಕಿ ಆರೋಪಿಗಳನ್ನು ಖುಲಾಸೆಗೊಳಿಸಿದರೂ ನಿಷೇಧವು ತಾನಾಗಿ ಬಿದ್ದುಹೋಗಲಿಲ್ಲ, ಏಕೆಂದರೆ ಬ್ಯಾಂಕಿನದು ಆಡಳಿತಾತ್ಮಕ ಕ್ರಮ: ತಪ್ಪು ನಡೆದಿರುವ ಸಂಭವವೇ ಹೆಚ್ಚೆಂದು ತೋರಿದರೆ ಸಾಕು. ಇದು ಕಠಿಣವೆನ್ನಿಸಿದರೆ ನಾನು ಅಲ್ಲಗಳೆಯಲಾರೆ. ಕಂಪನಿಗೆ 2021ರಲ್ಲಿ ಅವಧಿಗೆ ಮುನ್ನವೇ ಬಿಡುಗಡೆ ಸಿಕ್ಕಿತು. ಸೇತುವೆಯನ್ನು ಬಾಂಗ್ಲಾದೇಶ ಸ್ವಂತ ಹಣದಲ್ಲೇ ಕಟ್ಟಿ 2022ರ ಜೂನ್‌ನಲ್ಲಿ ಉದ್ಘಾಟಿಸಿತು.