ಆ 93 ಯಾವ ಡಿಗ್ರಿ?

ಪ್ರಿಯರೇ,

ಕಚ್ಚಾ ತೈಲದ ಸಂಪೀಡ್ಯತೆ (ಒತ್ತಡ ಬದಲಾದಾಗ ಅದು ಎಷ್ಟು ಕುಗ್ಗುತ್ತದೆ, ಹಿಗ್ಗುತ್ತದೆ ಎಂಬುದು) ಕುರಿತ ನಿಮ್ಮ ಲೇಖನ ಓದಿದೆ. ವಿಷಯ ಹೊಸದು, ಭಾಷೆ ತಿಳಿಯಾಗಿದೆ, ಸಂತೋಷ. ಆದರೆ ಮೂರನೇ ಪುಟ ಸಿಟ್ಟು ತರಿಸಿತು. ಹಾಗಾಗಿ ಅದನ್ನು ಕುರಿತೇ ಬರೆಯುತ್ತಿದ್ದೇನೆ.

‘ವಾಸ್ಕೆಜ್–ಬೆಗ್ಸ್ ಸೂತ್ರದಲ್ಲಿ ತಾಪಮಾನ 93 ಎಂದು ಹಾಕೋಣ’ ಎನ್ನುತ್ತೀರಿ. ಆ 93 ಸೆಲ್ಸಿಯಸ್. ತೈಲದ ಸಂಪೀಡ್ಯತೆ ಅಂದಾಜು ಮಾಡುವ 1980ರ ಆ ಸೂತ್ರಕ್ಕೆ ಬೇಕಾದದ್ದು ಫ್ಯಾರನ್‌ಹೀಟ್, ಅಂದರೆ ಸುಮಾರು 200. ನಿಮ್ಮ ಅಂಕಿಗಳನ್ನೇ ಇಟ್ಟು ಲೆಕ್ಕ ಹಾಕಿದೆ: ಬ್ಯಾರೆಲ್‌ಗೆ 500 ಘನ ಅಡಿ ಕರಗಿದ ಅನಿಲ, ಅನಿಲದ ಸಾಪೇಕ್ಷ ಸಾಂದ್ರತೆ 0.8, ಎಪಿಐ (ತೈಲ ಎಷ್ಟು ಹಗುರ ಎಂಬ ಅಳತೆ) 35, ಒತ್ತಡ 3000 ಪಿಎಸ್ಐ (ಚದರ ಅಂಗುಲಕ್ಕೆ ಪೌಂಡ್). ಒತ್ತಡ ಒಂದು ಪಿಎಸ್ಐ ಇಳಿದರೆ ತೈಲ ಹತ್ತು ಲಕ್ಷಕ್ಕೆ 13.3 ಪಾಲು ಹಿಗ್ಗಬೇಕು. ನಿಮ್ಮ ಉತ್ತರ 7.2. ಹೊರಬಂದ ತೈಲ ಮತ್ತು ಇಳಿದ ಒತ್ತಡ ನೋಡಿ ನೆಲದಡಿಯ ಸಂಗ್ರಹ ಅಂದಾಜು ಮಾಡುವವರು ಇದನ್ನು ನಂಬಿದರೆ, ಇಲ್ಲದ ತೈಲವನ್ನು ಇದೆ ಎಂದು ಬರೆದುಕೊಳ್ಳುತ್ತಾರೆ.

ಮುಂದಿನ ಸಾಲು: ‘ಏಕಮಾನ ಯಾವುದಾದರೂ ಸೂತ್ರ ಒಂದೇ.’ ಇದನ್ನು ಒಪ್ಪಲಾರೆ. ಇದು ಭೌತಶಾಸ್ತ್ರದ ನಿಯಮದಿಂದ ಹುಟ್ಟಿದ ಸಮೀಕರಣವಲ್ಲ, ಪ್ರಯೋಗಾಲಯದ ಸಾವಿರಾರು ಅಳತೆಗಳಿಗೆ ಹೊಂದಿಸಿದ ಗೆರೆ. ತಾಪಮಾನವನ್ನು ಗುಣಿಸುವ 17.2ರೊಳಗೆ ಫ್ಯಾರನ್‌ಹೀಟ್ ಬೆರೆತುಹೋಗಿದೆ, ದೋಸೆ ಹಿಟ್ಟಿನಲ್ಲಿ ಉದ್ದು ಬೆರೆತ ಹಾಗೆ. ಸೆಲ್ಸಿಯಸ್ ಹಾಕಬೇಕಾದರೆ ಸೂತ್ರದೊಳಗಿನ ಸಂಖ್ಯೆಗಳನ್ನೇ ಬದಲಿಸಬೇಕು.

ನಾನು ಪತ್ರಿಕೆಗೆ ಸೇರಿದ ಹೊಸತರಲ್ಲಿ ಹಿರಿಯ ಉಪಸಂಪಾದಕರೊಬ್ಬರು ಕರಡನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ಅಂಕಿ ಬಂದಾಗ ಏಕಮಾನ ಹೇಳದೆ ಮುಂದಿನ ಪದಕ್ಕೆ ಹೋಗುವಂತಿರಲಿಲ್ಲ. ‘ಮಳೆ 40’ ಎಂದರೆ ‘ಏನು 40?’ ಎಂದು ಕೇಳಿ, ಉತ್ತರ ಬರುವವರೆಗೆ ಪೆನ್ನು ಎತ್ತುತ್ತಿರಲಿಲ್ಲ. ಆ ಪ್ರಶ್ನೆ ಇಂದಿಗೂ ನನ್ನ ಕಿವಿಯಲ್ಲಿದೆ, ನಿಮ್ಮ ಪುಟ ಓದುವಾಗಲೂ ಅದೇ ಕೇಳಿಸಿತು.

ಅದೇ ಪುಟದ ಕೊನೆಯಲ್ಲಿ ‘ಒತ್ತಡ 1500ಕ್ಕೆ ಇಳಿದರೂ ಇದೇ ಸೂತ್ರ ಸಾಕು’ ಎಂದಿದೆ. ಬಬಲ್ ಪಾಯಿಂಟ್ 2100 ಪಿಎಸ್ಐ ಎಂದು ನೀವೇ ಹೇಳಿದ್ದೀರಿ! ಅದಕ್ಕಿಂತ ಕೆಳಗೆ ಕರಗಿದ್ದ ಅನಿಲ ಗುಳ್ಳೆಯಾಗಿ ಹೊರಬೀಳುತ್ತದೆ. ಆ ಅನಿಲದ ಹಿಗ್ಗುವಿಕೆಯೂ ಲೆಕ್ಕಕ್ಕೆ ಸೇರಿ ಸಂಪೀಡ್ಯತೆ ಒಮ್ಮೆಲೇ ಹಲವು ಪಟ್ಟು ಜಿಗಿಯುತ್ತದೆ. ವಾಸ್ಕೆಜ್–ಬೆಗ್ಸ್ ಬಬಲ್ ಪಾಯಿಂಟ್‌ನ ಮೇಲಿನ ತೈಲಕ್ಕೆ ಮಾತ್ರ. ಕೆಳಗಿನದಕ್ಕೆಂದೇ ಮೆಕೇನ್, ರಾಲಿನ್ಸ್, ವಿಲೇನಾ ಎಂಬ ಸಂಶೋಧಕರು 1988ರಲ್ಲಿ ಬೇರೆ ಸೂತ್ರ ಕೊಟ್ಟಿದ್ದಾರೆ. ಲೇಖನದ ಅತ್ಯಂತ ರೋಚಕ ಘಟ್ಟವೇ ಆ ಜಿಗಿತ, ನೀವು ಅದನ್ನು ಒಂದು ಸಾಲಿನಲ್ಲಿ ಅಳಿಸಿಬಿಟ್ಟಿದ್ದೀರಿ.

ಮೂರನೇ ಪುಟವನ್ನಷ್ಟೇ ಮತ್ತೆ ಬರೆಯಿರಿ. ಪ್ರತಿ ಅಂಕಿಯ ಪಕ್ಕ ಏಕಮಾನ ಇರಲಿ. 2100ರ ಮೇಲೊಂದು, ಕೆಳಗೊಂದು ಲೆಕ್ಕ ಮಾಡಿ ತೋರಿಸಿ ಕಳಿಸಿ, ಪ್ರಕಟಿಸುತ್ತೇನೆ.

ಇಂತಿ,
ಸಂಪಾದಕ