ಕುಸ್ತಿ ಬಿಟ್ಟು ಎಂಎಂಎಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಾಲೇಜು ಕುಸ್ತಿ ಮುಗಿಸಿ ವೃತ್ತಿಪರ ಎಂಎಂಎ, ಅಂದರೆ ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್ ಕಡೆ ಹೊರಟವರ ಪತ್ರಗಳು ಈ ಸಲ ಹೆಚ್ಚು ಬಂದಿವೆ. ಒಂದೇ ವಿಷಯದವನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ತಾಲೀಮಿನಲ್ಲಿ, ಅಂದರೆ ಕುಸ್ತಿಯ ಗರಡಿಯಲ್ಲಿ ಬೆಳೆದವನು, ವಿಶ್ವವಿದ್ಯಾಲಯ ಮಟ್ಟದಲ್ಲಿ ಮ್ಯಾಟ್ ಮೇಲೆ 74 ಕೆ.ಜಿ. ವಿಭಾಗದಲ್ಲಿ ಆಡಿದ್ದೇನೆ. ಎದುರಾಳಿಯನ್ನು ಕೆಡವುವುದು ನನಗೆ ಕಷ್ಟವಲ್ಲ. ಇನ್ನು ಪಂಚ್, ಕಿಕ್ ಕಲಿತರೆ ಸಾಕಲ್ಲವೇ? (ವಿದ್ಯಾರ್ಥಿ, ಮುಧೋಳ)

ಸಾಲದು. ಮೊದಲ ಐದಾರು ತಿಂಗಳು ಹೊಸದನ್ನು ಕಲಿಯುವುದಕ್ಕಿಂತ ಹಳೆಯ ರೂಢಿ ಬಿಡಿಸುವುದಕ್ಕೇ ಹೋಗುತ್ತದೆ.

ತಾಲೀಮಿನಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಕುಸ್ತಿ ಮುಗಿಯಿತು. ಹಾಗಾಗಿ ಕೆಳಗೆ ಬಿದ್ದ ಪೈಲ್ವಾನ ಯೋಚನೆಯಿಲ್ಲದೆ ಬೋರಲಾಗಿ, ಮೊಣಕಾಲು ಮೊಣಕೈ ಊರಿ ಬಿಗಿಯಾಗುತ್ತಾನೆ. ಎಂಎಂಎ ನಡೆಯುವ ಬಲೆಯ ಆವರಣದಲ್ಲಿ, ಅಂದರೆ ಕೇಜ್‌ನಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಎದುರಾಳಿ ಬೆನ್ನೇರಿ, ಎರಡೂ ಹಿಮ್ಮಡಿಗಳನ್ನು ನಿಮ್ಮ ತೊಡೆಗಳ ಒಳಬದಿಗೆ ಸಿಕ್ಕಿಸಿ, ಗದ್ದದ ಕೆಳಗೆ ತೋಳು ತೂರಿಸಿ ಕತ್ತು ಹಿಸುಕುತ್ತಾನೆ. ಪಟ್ಟು ಸರಿಯಾಗಿ ಬಿದ್ದರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಎಚ್ಚರ ತಪ್ಪುತ್ತದೆ. ಅದಕ್ಕೇ ಅಂಗಾತ ಮಲಗಿ ಆಡುವುದನ್ನು ಕಲಿಯಬೇಕು: ಎದುರಾಳಿಯನ್ನು ಎರಡು ಕಾಲುಗಳ ನಡುವೆ ಹಿಡಿದಿಡುವ ಗಾರ್ಡ್, ಸೊಂಟ ಜರುಗಿಸಿ ಜಾಗ ಮಾಡಿಕೊಳ್ಳುವುದು, ಒಂದು ಕೈ ಹಿಂದೆ ಊರಿ ಎದ್ದು ನಿಲ್ಲುವುದು. ಜೊತೆಗಾರ ಎದೆಯ ಮೇಲೆ ಪೂರ್ತಿ ಭಾರ ಹಾಕಿದ ಸ್ಥಿತಿಯಿಂದ ಆರಂಭಿಸಿ. 2 ನಿಮಿಷದೊಳಗೆ ಏಳಬೇಕು. ಬೋರಲಾದರೆ ಅದು ಸೋಲೆಂದು ಲೆಕ್ಕ, ಮತ್ತೆ ಮೊದಲಿನಿಂದ. ದಿನಕ್ಕೆ ಐದಾರು ಸುತ್ತು, ವಾರಕ್ಕೆ ಮೂರು ದಿನ ಇದನ್ನೇ ಮಾಡಿ. ಬೇಸರದ ಕೆಲಸ, ಆದರೆ ಬಿಡುವಂತಿಲ್ಲ.

ಎರಡನೆಯದು ತಲೆ. ಪಟ ಹಾಕುವಾಗ, ಅಂದರೆ ಎದುರಾಳಿಯ ಕಾಲಿಗೆ ನುಗ್ಗಿ ಕೆಡವುವಾಗ, ಸೊಂಟ ಬಗ್ಗಿಸಿ, ನೆಲ ನೋಡುತ್ತ ನುಗ್ಗುವವರೇ ಹೆಚ್ಚು. ಅಮೆರಿಕದಲ್ಲಿ 2006 ಮತ್ತು 2007ರ ಕಾಲೇಜು ಕುಸ್ತಿ ಚಾಂಪಿಯನ್, 2008ರ ಒಲಿಂಪಿಕ್ಸ್‌ನಲ್ಲಿ ಆಡಿದ್ದ ಬೆನ್ ಆಸ್ಕ್ರೆನ್, 2019ರ ಜುಲೈಯಲ್ಲಿ ಎಂಎಂಎ ಪಂದ್ಯದಲ್ಲಿ ಎದುರಾಳಿ ಹೋರ್ಹೆ ಮಾಸ್ವಿಡಾಲ್ ಹಾರಿ ಹೊಡೆದ ಮೊಣಕಾಲಿಗೆ ತಲೆ ಕೊಟ್ಟು 5 ಸೆಕೆಂಡಿನಲ್ಲಿ ನೆಲಕ್ಕುರುಳಿದರು. ಕುಸ್ತಿಯಿಂದಲೇ ಬಂದು ಎಂಎಂಎ ಪಂದ್ಯ ನಡೆಸುವ ದೊಡ್ಡ ಸಂಸ್ಥೆ ಯುಎಫ್‌ಸಿಯಲ್ಲಿ ಆಡಿದ ಭಾರತದ ಭರತ್ ಕಂಡಾರೆ 2017ರ ನವೆಂಬರಿನಲ್ಲಿ ಶಾಂಘೈನಲ್ಲಿ ಮೊದಲ ಸುತ್ತಿನಲ್ಲೇ ಸೋತದ್ದು ಗಿಲಟೀನ್ ಚೋಕ್‌ಗೆ, ಅಂದರೆ ಮುಂದಿನಿಂದ ಕತ್ತನ್ನು ಕಂಕುಳಲ್ಲಿ ಸಿಕ್ಕಿಸಿ ಹಿಸುಕುವ ಪಟ್ಟಿಗೆ. ಹೊಡೆತ ತೋರಿಸದೆ ಪಟಕ್ಕೆ ಹೋಗಲೇಬೇಡಿ. ಜ್ಯಾಬ್ (ಮುಂದಿನ ಕೈಯ ನೇರ ಹೊಡೆತ) ಹಾಕಿ, ಅವನ ಕೈ ಮೇಲೆದ್ದಾಗ ಮೊಣಕಾಲು ಮಡಿಸಿ ಕೆಳಗಿಳಿಯಿರಿ. ಬೆನ್ನು ನೆಟ್ಟಗಿರಲಿ, ಕಣ್ಣು ಅವನ ಎದೆಯ ಮೇಲಿರಲಿ. ಒಂದು ಕಾಲು ಹಿಡಿಯುವ ಏಕೇರಿ ಪಟದಲ್ಲಿ ತಲೆ ಒಳಬದಿಗಿದ್ದು ಅವನ ಪಕ್ಕೆಗೆ ಒತ್ತಬೇಕು. ಎರಡೂ ಕಾಲು ಹಿಡಿಯುವ ದುಹೇರಿ ಪಟದಲ್ಲಿ ತಲೆ ಹೊರಗುಳಿಯುವುದರಿಂದ ಕಾಲು ಸಿಕ್ಕ ಕೂಡಲೇ ಪಕ್ಕಕ್ಕೆ ತಿರುಗಿ ಓಡಬೇಕು, ನೇರ ಮುಂದಕ್ಕೆ ತಳ್ಳುತ್ತ ನಿಂತರೆ ಕತ್ತು ಸಿಗುತ್ತದೆ. ಸಿಕ್ಕಿತೆಂದುಕೊಳ್ಳಿ: ಮೊದಲು ಎರಡೂ ಕೈಯಿಂದ ಅವನ ಮಣಿಕಟ್ಟು ಎಳೆದು ಉಸಿರಿಗೆ ಜಾಗ ಮಾಡಿಕೊಳ್ಳಿ, ಆಮೇಲೆ ಅವನ ಮೈಯ ಯಾವ ಬದಿಯಲ್ಲಿ ತಲೆ ಸಿಕ್ಕಿದೆಯೋ ಅದರ ಎದುರು ಬದಿಗೆ ಕಾಲು ದಾಟಿಸಿ ಭುಜದ ಭಾರ ಹಾಕಿ. ಗಾಬರಿಯಲ್ಲಿ ತಲೆಯನ್ನು ಹಿಂದಕ್ಕೆ ಜಗ್ಗಿದರೆ ಪಟ್ಟು ಇನ್ನಷ್ಟು ಬಿಗಿಯುತ್ತದೆ.

ಮೂರನೆಯದು ನಿಲುವು. ಕುಸ್ತಿಪಟು ಬಲವಾದ ಕಾಲನ್ನೇ ಮುಂದಿಟ್ಟು, ಅದರ ಮೇಲೆ ಭಾರ ಹಾಕಿ ನಿಲ್ಲುತ್ತಾನೆ. ಮೀನಖಂಡಕ್ಕೆ ಬೀಳುವ ಕಿಕ್‌ಗೆ ಅಂಥ ಕಾಲು ಸುಲಭದ ಗುರಿ. ಮೂರು ನಾಲ್ಕು ಬಿದ್ದರೆ ಪಾದ ಮರಗಟ್ಟುತ್ತದೆ, ಆಮೇಲೆ ಪಟ ಹಾಕಲು ಕಾಲೇ ಮುಂದೆ ಬರುವುದಿಲ್ಲ. ಭಾರವನ್ನು ಎರಡೂ ಕಾಲಿಗೆ ಹಂಚಿ, ಸ್ವಲ್ಪ ಎತ್ತರಕ್ಕೆ ನಿಲ್ಲಿ. ಕಿಕ್ ಬಂದಾಗ ಮೊಣಕಾಲು ಹೊರಕ್ಕೆ ತಿರುಗಿಸಿ ಮೊಣಕಾಲ್ಗಂಟಿನ ಕೆಳಗಿನ ಎಲುಬಿಗೆ ತೆಗೆದುಕೊಳ್ಳಿ.

ಅಂಕದ ಲೆಕ್ಕವೂ ಬೇರೆ. ಮ್ಯಾಟ್ ಮೇಲೆ ಕೆಡವಿದ್ದಕ್ಕೇ 2 ಅಂಕ. ಎಂಎಂಎಯಲ್ಲಿ ಸುತ್ತಿಗೆ 10-9ರಂತೆ ಅಂಕ, ಅಂದರೆ ಸುತ್ತು ಗೆದ್ದವನಿಗೆ 10, ಸೋತವನಿಗೆ ಸಾಮಾನ್ಯವಾಗಿ 9. ತೀರ್ಪುಗಾರರು ಮೊದಲು ನೋಡುವುದು ಯಾರ ಹೊಡೆತ, ಯಾರ ಪಟ್ಟು ಪರಿಣಾಮ ಮಾಡಿತು ಎಂಬುದನ್ನು. ಕೆಡವಿ ಸುಮ್ಮನೆ ಅಪ್ಪಿಕೊಂಡು ಮಲಗಿದರೆ ಸುತ್ತು ಕೈತಪ್ಪಬಹುದು, ರೆಫರಿ ಎಬ್ಬಿಸಿ ನಿಲ್ಲಿಸಲೂಬಹುದು.

ಪ್ರಶ್ನೆ: ಧೋಬಿ ಪಛಾಡ್, ಢಾಕ್ ಕೇಜ್‌ನಲ್ಲಿ ನಡೆಯುತ್ತವೆಯೇ? (ಜಮಖಂಡಿ)

ಬೆನ್ನು ತಿರುಗಿಸಿ ಭುಜ ಇಲ್ಲವೇ ಸೊಂಟದ ಮೇಲಿಂದ ಎಸೆಯುವ ಈ ಡಾವುಗಳು ನಡೆಯುತ್ತವೆ. ಆದರೆ ಎದುರಾಳಿಯನ್ನು ತಲೆ ಕೆಳಗಾಗಿ ನೆಲಕ್ಕೆ ನೆಡುವಂತೆ ಎಸೆಯುವುದು ಫೌಲ್. ಬೆನ್ನು ತಿರುಗಿಸಿ ಹಾಕುವ ಡಾವು ಅರ್ಧಕ್ಕೆ ತಪ್ಪಿದರೆ ಅವನು ನಿಮ್ಮ ಬೆನ್ನ ಮೇಲಿರುತ್ತಾನೆ. ಆದ್ದರಿಂದ ಬೆವರು ಹೆಚ್ಚಿ ಹಿಡಿತ ಜಾರುವ ಎರಡನೇ ಸುತ್ತಿನ ನಂತರ ಧೋಬಿ ಬೇಡ. ಕೇಜ್ ಬಲೆಯನ್ನು ಬೆರಳಿನಿಂದ ಹಿಡಿಯುವುದೂ ಫೌಲ್. ಮಣ್ಣಿನ ಕುಸ್ತಿಯಿಂದ ಬಂದವರು ಆಸರೆಗೆಂದು ಅರಿವಿಲ್ಲದೇ ಹಿಡಿಯುತ್ತಾರೆ.

ಪ್ರಶ್ನೆ: ಇದರಲ್ಲಿ ಪಂದ್ಯದ ಹಿಂದಿನ ದಿನವೇ ತೂಕ ನೋಡುತ್ತಾರಂತೆ. ನಾನು 80 ಕೆ.ಜಿ. ಇದ್ದೇನೆ. 70ರ ವಿಭಾಗಕ್ಕೆ ಇಳಿದು, ರಾತ್ರಿ ಮತ್ತೆ ಏರಿಸಿಕೊಂಡರೆ ಲಾಭವಲ್ಲವೇ? (ಬೆಳಗಾವಿ)

ಮೊದಲ ಪಂದ್ಯಕ್ಕೆ ಖಂಡಿತ ಬೇಡ. ವಿಭಾಗಗಳು ಹೀಗಿವೆ: 56.7, 61.2, 65.8, 70.3, 77.1, 83.9, 93 ಮತ್ತು 120.2 ಕೆ.ಜಿ. ನಿಮ್ಮದು 77.1. ಇಳಿಸಬೇಕಾದ್ದು ಸುಮಾರು 3 ಕೆ.ಜಿ.; ವಾರಕ್ಕೆ ಅರ್ಧ ಕೆ.ಜಿ.ಯಂತೆ ಆರು ವಾರದಲ್ಲಿ ಊಟದಿಂದಲೇ ಇಳಿಯುತ್ತದೆ. ತುಪ್ಪ, ಬಾದಾಮಿ ಥಂಡಾಯಿ ಕಡಿಮೆ ಮಾಡಿ, ಪ್ರೋಟೀನು ಮಾತ್ರ ಕಡಿಮೆ ಮಾಡಬೇಡಿ: ಮೈತೂಕದ ಕೆ.ಜಿ.ಗೆ 1.6ರಿಂದ 2.2 ಗ್ರಾಂ, ಅಂದರೆ ದಿನಕ್ಕೆ 130 ಗ್ರಾಂ ಕಡಿಮೆಯಾಗದಂತೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಅರ್ಧ ಲೀಟರ್ ಹಾಲಿನಲ್ಲಿ 16 ಗ್ರಾಂ ಆಸುಪಾಸು ಸಿಗುತ್ತದೆ. ಕೊನೆಯ ಮೂರು ದಿನ ಜೋಳದ ರೊಟ್ಟಿ, ಕಾಳಿನ ಪಲ್ಯ, ಹಸಿ ತಪ್ಪಲು ಬಿಟ್ಟು ಬಿಳಿ ಅನ್ನ, ಮೊಟ್ಟೆ ತಿನ್ನಿ. ನಾರು ಕಡಿಮೆಯಾದರೆ ಕರುಳಿನಲ್ಲಿ ಉಳಿಯುವ ಭಾರವೇ ಇಳಿಯುತ್ತದೆ.

ನೀರು ಬಿಟ್ಟು ಇಳಿಸುವುದು ಬೇರೆ ಮಾತು. ಮೈತೂಕದ ಶೇ 2ರಷ್ಟು ನೀರು ಹೋದರೇ ದಮ್ಮು ಕುಗ್ಗತೊಡಗುತ್ತದೆ. ಡೇನಿಯಲ್ ಕಾರ್ಮಿಯರ್ 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಅಮೆರಿಕದ ಕುಸ್ತಿ ತಂಡದ ನಾಯಕನಾಗಿ ಹೋಗಿ, ತೂಕ ಇಳಿಸುವಾಗ ಮೂತ್ರಪಿಂಡ ಕೈಕೊಟ್ಟು ಒಂದು ಕುಸ್ತಿಯನ್ನೂ ಆಡದೆ ವಾಪಸಾದರು. ಮೂತ್ರ ಹೆಚ್ಚಿಸುವ ಮಾತ್ರೆ ಡೋಪಿಂಗ್ ನಿಷೇಧದ ಪಟ್ಟಿಯಲ್ಲಿದೆ. ಆಸ್ಪತ್ರೆಯ ಚಿಕಿತ್ಸೆಯ ಭಾಗವಾಗಿ ಅಲ್ಲದೆ 12 ಗಂಟೆಯಲ್ಲಿ 100 ಎಂ.ಎಲ್.ಗಿಂತ ಹೆಚ್ಚು ಸಲೈನ್ ಹಾಕಿಸಿಕೊಳ್ಳುವುದೂ ನಿಷಿದ್ಧ. ತೂಕ ಕೊಟ್ಟ ಮೇಲೆ, ಕಳೆದುಕೊಂಡ ಪ್ರತಿ ಕೆ.ಜಿ.ಗೆ ಒಂದೂಕಾಲರಿಂದ ಒಂದೂವರೆ ಲೀಟರ್‌ನಂತೆ ಓಆರ್‌ಎಸ್ ಬೆರೆಸಿದ ನೀರನ್ನು ನಾಲ್ಕೈದು ಗಂಟೆಯಲ್ಲಿ ಗುಟುಕು ಗುಟುಕಾಗಿ ಕುಡಿಯಿರಿ. ಹಸಿದ ಹೊಟ್ಟೆಗೆ ನೇರ ಮಟನ್ ಊಟ ಇಳಿಸಿದರೆ ರಾತ್ರಿಯಿಡೀ ವಾಂತಿ, ಭೇದಿ.

ಪ್ರಶ್ನೆ: ನಮ್ಮ ಊರಲ್ಲಿ ಎಂಎಂಎ ಜಿಮ್ ಇಲ್ಲ. ಎಲ್ಲಿ, ಎಷ್ಟು ದಿನ ಕಲಿಯಬೇಕು? (ವಿಜಯಪುರ)

ಪದವಿ ಮುಗಿಯುವವರೆಗೆ ಊರಲ್ಲೇ ಬಾಕ್ಸಿಂಗ್ ಇಲ್ಲವೇ ಕಿಕ್ ಬಾಕ್ಸಿಂಗ್ ಹಿಡಿಯಿರಿ, ತಾಲೀಮು ಬಿಡಬೇಡಿ. ನೆಲದ ಮೇಲೆ ಕತ್ತು, ಕೀಲು ಹಿಡಿದು ಸೋಲಿಸುವ ಜಿಯು ಜಿತ್ಸು ಮಾತ್ರ ವಿಡಿಯೊ ನೋಡಿ ಬರುವುದಿಲ್ಲ. ಅದಕ್ಕೆ ಪುಣೆ, ಮುಂಬೈ ಅಥವಾ ಬೆಂಗಳೂರಿಗೇ ಹೋಗಬೇಕು. ಜಿಮ್ ಆರಿಸುವಾಗ ಗೋಡೆಯ ಮೇಲಿನ ಫೋಟೊ ನೋಡಬೇಡಿ. ಅಲ್ಲಿಂದ ಎಷ್ಟು ಜನ ನಿಜವಾಗಿ ಪಂದ್ಯಕ್ಕಿಳಿದಿದ್ದಾರೆ, ನಿಮ್ಮ ತೂಕದ ಜೊತೆಗಾರರು ಮೂವರಾದರೂ ಇದ್ದಾರೆಯೇ ಎಂದು ಕೇಳಿ.

ನಮ್ಮ ಅಂದಾಜಿನಲ್ಲಿ ಒಳ್ಳೆಯ ಕುಸ್ತಿಪಟುವಿಗೂ ಮೊದಲ ವೃತ್ತಿಪರ ಪಂದ್ಯಕ್ಕೆ ಒಂದೂವರೆ ವರ್ಷ ಬೇಕು. ನಡುವೆ ನಾಲ್ಕೈದು ಹವ್ಯಾಸಿ ಪಂದ್ಯ. ಹವ್ಯಾಸಿಯಲ್ಲಿ ಸಾಮಾನ್ಯವಾಗಿ 3 ನಿಮಿಷದ 3 ಸುತ್ತು, ಮೊಣಕೈ ಹೊಡೆತ ಇರುವುದಿಲ್ಲ. ವೃತ್ತಿಪರದಲ್ಲಿ 5 ನಿಮಿಷದ 3 ಸುತ್ತು, ನಡುವೆ 1 ನಿಮಿಷ ಬಿಡುವು. ಮ್ಯಾಟ್ ಕುಸ್ತಿಯ 3 ನಿಮಿಷದ ಎರಡು ಅವಧಿಗೆ ಹೊಂದಿದ ದಮ್ಮು ಅಲ್ಲಿ ಎರಡನೇ ಸುತ್ತಿಗೇ ಖಾಲಿ. ಜೋರು ಸ್ಪಾರಿಂಗ್ (ಜೊತೆಗಾರನೊಂದಿಗೆ ಅಭ್ಯಾಸದ ಕಾದಾಟ) ವಾರಕ್ಕೆ ಒಂದೇ ದಿನ ಸಾಕು, 16 ಔನ್ಸ್ ಗ್ಲೌಸ್, ಶಿನ್ ಪ್ಯಾಡ್ ಹಾಕಿ; ಪಂದ್ಯದ ಗ್ಲೌಸ್ 4 ಔನ್ಸ್ ಅಷ್ಟೇ. ದಂತವೈದ್ಯರಿಂದ ಅಳತೆ ಕೊಟ್ಟು ಮಾಡಿಸಿದ ಮೌತ್‌ಗಾರ್ಡ್‌ಗೆ ಹಣ ಹಾಕಿ. ಅಂಗಡಿಯದನ್ನು ಬಿಸಿನೀರಲ್ಲಿ ಅದ್ದಿ ಕಚ್ಚಿ ಕೂರಿಸಿಕೊಂಡರೆ ಬಾಯಿ ತೆರೆದು ಉಸಿರಾಡುವಾಗ ಜಾರುತ್ತದೆ. ಎಚ್ಚರ ತಪ್ಪಿ ಬಿದ್ದರೆ ಕನಿಷ್ಠ 90 ದಿನ ತಲೆಗೆ ಪೆಟ್ಟು ಬೀಳುವ ಅಭ್ಯಾಸ ಬೇಡ, ವೈದ್ಯರು ಒಪ್ಪದೆ ಆಮೇಲೂ ಬೇಡ.

ಪ್ರಶ್ನೆ: ಮಗ ಈ ವರ್ಷವೇ ವೃತ್ತಿಪರ ಪಂದ್ಯಕ್ಕೆ ಸಹಿ ಹಾಕುತ್ತೇನೆ ಅಂತಾನೆ. ಏನು ನೋಡಬೇಕು ಹೇಳ್ರಿ. (ತಂದೆ, ಇಂಡಿ)

ಮೊದಲು ಅಂತರ ವಿಶ್ವವಿದ್ಯಾಲಯ ಟೂರ್ನಿ ಆಡಿ ಮುಗಿಸಲಿ. ಪೊಲೀಸ್, ರೈಲ್ವೆ, ಸೇನೆಯ ಕ್ರೀಡಾ ಕೋಟಾದಲ್ಲಿ ಕುಸ್ತಿಯ ಪ್ರಮಾಣಪತ್ರಕ್ಕೆ ಬೆಲೆಯಿದೆ, ಅದು ಕೈಯಲ್ಲಿರಲಿ. ಒಪ್ಪಂದದಲ್ಲಿ ನೋಡಬೇಕಾದ್ದು: ಆಡಿದ್ದಕ್ಕೆ ಎಷ್ಟು, ಗೆದ್ದರೆ ಮೇಲೆ ಎಷ್ಟು; ಎದುರಾಳಿ ತಪ್ಪಿಸಿಕೊಂಡರೆ ಹಣ ಉಂಟೇ; ಪಂದ್ಯದಲ್ಲಿ ಮುರಿದ ಕೈಗೆ ಆಸ್ಪತ್ರೆ ಬಿಲ್ ಯಾರದು; ಕೋಚ್‌ನ ಪ್ರಯಾಣ ಯಾರದು; ಎಷ್ಟು ವರ್ಷ ಬೇರೆಡೆ ಆಡುವಂತಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ, ಸಿ ರಕ್ತಪರೀಕ್ಷೆ, ಕಣ್ಣಿನ ತಪಾಸಣೆ ಕೇಳದ ಆಯೋಜಕರಿದ್ದರೆ ಅಲ್ಲಿಂದ ಎದ್ದು ಬನ್ನಿ. ಪರೀಕ್ಷೆ ಇಬ್ಬರ ರಕ್ಷಣೆಗೂ ಬೇಕು. ವೃತ್ತಿಪರ ಸೋಲು ಶೆರ್‌ಡಾಗ್, ಟ್ಯಾಪಾಲಜಿಯಂಥ ಜಾಲತಾಣಗಳ ದಾಖಲೆಯಲ್ಲಿ ಉಳಿಯುತ್ತದೆ, ಮುಂದಿನ ಆಯೋಜಕರು ಮೊದಲು ನೋಡುವುದು ಅದನ್ನೇ. ಹೀಗಾಗಿ ಅವಸರ ಬೇಡ.

ಪ್ರಶ್ನೆ: ಕಿವಿ ಊದಿ ಮೆತ್ತಗಾಗಿದೆ. ತೊಡೆಯ ಮೇಲೆ ಹುಳುಕಡ್ಡಿಯೂ ಇದೆ. ಆಡಬಹುದೇ? (ಗೋಕಾಕ)

ಎರಡಕ್ಕೂ ಮೊದಲು ವೈದ್ಯರಲ್ಲಿಗೆ ಹೋಗಿ. ಕಿವಿಯಲ್ಲಿ ನಿಂತ ರಕ್ತವನ್ನು ಒಂದೆರಡು ದಿನದಲ್ಲೇ ಇಎನ್‌ಟಿ ವೈದ್ಯರು ತೆಗೆದು, ಮತ್ತೆ ತುಂಬದಂತೆ ಒತ್ತಿ ಕಟ್ಟಬೇಕು. ವಾರ ಕಳೆದರೆ ಗಟ್ಟಿಯಾಗುತ್ತದೆ. ತಾಲೀಮಿನಲ್ಲಿ ಗೆಳೆಯರು ಸಿರಿಂಜ್ ಹಾಕಿ ತೆಗೆಯುವುದು ಬೇಡ, ಕೀವಾದರೆ ಕಿವಿಯ ಮೃದು ಎಲುಬೇ ಕೊಳೆಯುತ್ತದೆ. ಹುಳುಕಡ್ಡಿಗೆ ಔಷಧಿ ಅಂಗಡಿಯವರು ಕೊಡುವ ಮಿಶ್ರ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುವುದುಂಟು: ತುರಿಕೆ ನಿಲ್ಲುತ್ತದೆ, ಸೋಂಕು ಒಳಗೇ ಹರಡುತ್ತದೆ. ಚರ್ಮವೈದ್ಯರು ಹೇಳಿದ ಮದ್ದನ್ನು, ಕಲೆ ಮಾಸಿದ ಮೇಲೂ ಅವರು ಹೇಳಿದಷ್ಟು ದಿನ ಹಚ್ಚಿ. ಅಲ್ಲಿಯವರೆಗೆ ಯಾರ ಜೊತೆಗೂ ಜೋಡ್ ಹಿಡಿಯಬೇಡಿ, ಟವೆಲ್ ಹಂಚಿಕೊಳ್ಳಬೇಡಿ. ಲಂಗೋಟಿ, ಶಾರ್ಟ್ಸ್ ದಿನವೂ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ.