ಒಮ್ಮೆ ಕೊಂಡವರಿಂದಲೇ ಮತ್ತೆ ಮತ್ತೆ ಕೊಳ್ಳಿಸಿ ಅಫಿಲಿಯೇಟ್ ಆದಾಯ ಹೆಚ್ಚಿಸೋದು ಹೇಗೆ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ನಕ್ಕಿದ್ದು ನನ್ನನ್ನು ನೋಡಿಯೇ. ಹೊಸಬರನ್ನು ಹುಡುಕಿ ಸಾಕಾಗಿ, 'ಹಳೇ ಗ್ರಾಹಕರೇ ಮತ್ತೆ ಬಂದು ಕೊಂಡರೆ ಕೂತಲ್ಲೇ ದುಡ್ಡು' ಅಂತ ಲೆಕ್ಕ ಹಾಕಿ ಎಂಟು ತಿಂಗಳು ಕಳೆದವನು ನಾನು.

ಬೆಂಗಳೂರಿನ ಬನಶಂಕರಿಯಲ್ಲಿ ನಮ್ಮ ಮನೆಯ ತಾರಸಿ ಮೇಲೆ ನಲವತ್ತು ಕುಂಡಗಳಿವೆ. ಅದನ್ನೇ ಬಂಡವಾಳ ಮಾಡಿಕೊಂಡು ತಾರಸಿ ತೋಟದ ಬಗ್ಗೆ ಒಂದು ಸೈಟ್ ಶುರು ಮಾಡಿದೆ. ಮೊದಮೊದಲು ಹನಿ ನೀರಾವರಿ ಕಿಟ್, ಕಬ್ಬಿಣದ ಸ್ಟ್ಯಾಂಡ್ ಇಂಥವಕ್ಕೆ ಲಿಂಕ್ ಕೊಡುತ್ತಿದ್ದೆ. ಆ ಲಿಂಕ್ ಒತ್ತಿ ಯಾರಾದರೂ ಕೊಂಡರೆ ಅಂಗಡಿಯವರು ನನಗೆ ಕಮಿಷನ್ ಕೊಡುತ್ತಾರೆ, ಅಫಿಲಿಯೇಟ್ ಅಂದರೆ ಇದೇ. ಕಮಿಷನ್ ಚೆನ್ನಾಗಿತ್ತು, ಆದರೆ ಸ್ಟ್ಯಾಂಡನ್ನು ಯಾರು ಎರಡನೇ ಸಲ ಕೊಳ್ಳುತ್ತಾರೆ? ಆಮೇಲೆ ತಲೆ ಓಡಿತು. ಖಾಲಿಯಾಗುವ ಸಾಮಾನು ಮಾರಿಸಬೇಕು. ಬೇವಿನ ಹಿಂಡಿ, ಬೇವಿನ ಎಣ್ಣೆ, ನೀರು ಹಾಕಿದರೆ ಬಕೆಟ್‌ಗಟ್ಟಲೆ ಉಬ್ಬುವ 5 ಕೆಜಿಯ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ. ಇವು ಮುಗಿಯುತ್ತವೆ, ಮತ್ತೆ ಬೇಕಾಗುತ್ತವೆ. ಲೆಕ್ಕ ಸರಿಯಾಗೇ ಇತ್ತು ಅಲ್ವಾ?

ತಪ್ಪು ಮಾಡಿದ್ದು ಇಲ್ಲಿ. ತೋಟದ ಸಾಮಾನು ಮಾರುವ ಒಂದು ಕಂಪನಿ ಶೇ. 12 ಕಮಿಷನ್ ಕೊಡುತ್ತಿತ್ತು. ಮೆಟ್ರೋದಲ್ಲಿ ನಿಂತುಕೊಂಡೇ ಫೋನಲ್ಲಿ ಅರ್ಜಿ ತುಂಬಿದೆ. ಷರತ್ತುಗಳ ಪುಟವನ್ನು ಬೆರಳಲ್ಲಿ ಸರ್ರನೆ ತಳ್ಳಿ, ಜಯನಗರ ಬರುವಷ್ಟರಲ್ಲಿ 'ಒಪ್ಪಿದ್ದೇನೆ' ಒತ್ತಿಯಾಗಿತ್ತು. ಆಮೇಲೆ ಓದುಗರ ಇಮೇಲ್ ಪಟ್ಟಿ ಮಾಡಿದೆ, ಸುಮಾರು ಮುನ್ನೂರು ಜನ. ಆರು ವಾರಕ್ಕೊಮ್ಮೆ 'ನಿಮ್ಮ ಹಿಂಡಿ ಮುಗಿದಿರಬೇಕು ನೋಡಿ' ಅಂತ ನೆನಪಿಸುತ್ತಿದ್ದೆ. ಜನ ಕ್ಲಿಕ್ ಮಾಡುತ್ತಿದ್ದರು, ಕೊಳ್ಳುತ್ತಲೂ ಇದ್ದರು. ದುಡ್ಡು ಮಾತ್ರ ಏರಲಿಲ್ಲ.

ಒಂದು ದಿನ ವಿಜಯನಗರದ ಒಬ್ಬ ಮೇಡಂ ಫೋಟೋ ಕಳಿಸಿದರು. ದಾಸವಾಳದ ಗಿಡ, ಪಕ್ಕದಲ್ಲಿ ಹಿಂಡಿಯ ಚೀಲ. 'ಸರ್, ನಿಮ್ಮ ಲಿಂಕ್‌ನಿಂದಲೇ ಮೂರನೇ ಸಲ ತರಿಸಿದೆ, ಹಿಟ್ಟು ತಿಗಣೆ ಪೂರ್ತಿ ಹೋಯ್ತು' ಅಂತ ಬರೆದಿದ್ದರು. ಖುಷಿಯಿಂದ ಕಮಿಷನ್ ಲೆಕ್ಕ ತೋರಿಸುವ ಡ್ಯಾಶ್‌ಬೋರ್ಡ್ ತೆರೆದೆ. ಅವರು ಎರಡನೇ, ಮೂರನೇ ಸಲ ಕೊಂಡ ದಿನಗಳ ಸಾಲಿನಲ್ಲಿ ಕ್ಲಿಕ್ ಇದೆ, ಆರ್ಡರ್ ಇದೆ, ಕಮಿಷನ್ ಕಾಲಂನಲ್ಲಿ ಸೊನ್ನೆ. ಷರತ್ತಿನ ಪುಟಕ್ಕೆ ಹೋದೆ. ಒಂದೇ ಸಾಲು: ಹೊಸ ಗ್ರಾಹಕರ ಮೊದಲ ಆರ್ಡರ್‌ಗೆ ಮಾತ್ರ ಕಮಿಷನ್.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಂಟು ತಿಂಗಳು ಯಾಕೆ ಗೊತ್ತಾಗಲಿಲ್ಲ ಅಂತ ನನ್ನ ಹೆಂಡತಿ ಇವತ್ತಿಗೂ ಕೇಳುತ್ತಾಳೆ. ಲಿಂಕ್ ಸರಿಯಿತ್ತು, ಕುಕಿ (ಯಾರ ಲಿಂಕ್ ಒತ್ತಿ ಬಂದರು ಅಂತ ಬ್ರೌಸರ್ ಇಟ್ಟುಕೊಳ್ಳುವ ಗುರುತು) ಸರಿಯಿತ್ತು. ಆದರೆ ಆರ್ಡರ್‌ನಲ್ಲಿ ಇರುವ ಫೋನ್ ನಂಬರ್ ಕಂಪನಿಯ ಹಳೇ ಪಟ್ಟಿಯಲ್ಲಿ ಇದ್ದರೆ ಅದು ಹಳೇ ಗ್ರಾಹಕ, ಅಷ್ಟೆ. ನಾನು ಸೊನ್ನೆ ನೋಡಿದಾಗಲೆಲ್ಲ 'ಇನ್ನೂ ವಾಪಸಾತಿ ಅವಧಿ ಮುಗಿದಿಲ್ಲ, ಮುಂದಿನ ತಿಂಗಳು ಸೇರುತ್ತದೆ' ಅಂದುಕೊಳ್ಳುತ್ತಿದ್ದೆ. ಸಾಮಾನು ವಾಪಸ್ ಬರಲ್ಲ ಅಂತ ಖಾತ್ರಿಯಾದ ಮೇಲೆಯೇ ಕಮಿಷನ್ ಪಕ್ಕಾ ಮಾಡುವುದು ಈ ದಂಧೆಯಲ್ಲಿ ಮಾಮೂಲು, ಹಾಗಾಗಿ ಅನುಮಾನವೇ ಬರಲಿಲ್ಲ. ಜೊತೆಗೆ ತಿಂಗಳಿಗೆ ಹತ್ತಿಪ್ಪತ್ತು ಹೊಸಬರ ಕಮಿಷನ್ ಬರುತ್ತಿತ್ತಲ್ಲ, ಅದನ್ನೇ ಹಳಬರದ್ದು ಅಂತ ತಿಳಿದಿದ್ದೆ. ಕಂಪನಿ ಮೋಸ ಮಾಡಲಿಲ್ಲ. ಅವರು ಬರೆದೇ ಇಟ್ಟಿದ್ದರು. ಬಿಟ್ಟಿ ಕೆಲಸ ಮಾಡಿಕೊಟ್ಟವನು ನಾನು.

ಅದಕ್ಕೇ ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ ಅನ್ನುತ್ತೇನೆ. ನಿಮಗೆ ಗ್ರಾಹಕರೇ ಇಲ್ಲ. ಗ್ರಾಹಕ ಅಂಗಡಿಗೆ ಸೇರಿದವನು, ನಿಮ್ಮ ಹತ್ತಿರ ಇರುವುದು ಓದುಗ. ಅವನು ಒಮ್ಮೆ ಕೊಂಡ ಮೇಲೆ ಅವನ ಹೆಸರು, ವಿಳಾಸ, ನಂಬರ್ ಎಲ್ಲ ಅಂಗಡಿಗೆ ಸೇರಿತು. ಮುಂದಿನ ಸಲ ಅಂಗಡಿಯೇ ಮೆಸೇಜ್ ಕಳಿಸುತ್ತದೆ, ನಿಮ್ಮನ್ನು ಯಾಕೆ ಕೇಳಬೇಕು? ಅಮೆಜಾನ್ ಹೊಸಬರು ಹಳಬರು ಅಂತ ನೋಡಲ್ಲ, ಆದರೆ ಅಲ್ಲಿ ಕ್ಲಿಕ್‌ನ ಆಯಸ್ಸು 24 ಗಂಟೆ. ಅಷ್ಟರಲ್ಲಿ ಕಾರ್ಟ್‌ಗೆ ಹಾಕದಿದ್ದರೆ ಮುಗಿಯಿತು, ಮುಂದಿನ ತಿಂಗಳ ಖರೀದಿಗೆ ಮತ್ತೆ ನಿಮ್ಮ ಲಿಂಕ್ ಮೂಲಕವೇ ಬರಬೇಕು. ಇಮೇಲ್ ಒಳಗೆ ನೇರವಾಗಿ ಅಮೆಜಾನ್ ಅಫಿಲಿಯೇಟ್ ಲಿಂಕ್ ಹಾಕುವ ಬದಲು ಮೇಲ್‌ನಿಂದ ನಿಮ್ಮ ಪುಟಕ್ಕೆ ಕರೆತನ್ನಿ, ಅಲ್ಲಿಂದ ಅವರು ಹೋಗಲಿ. ಇನ್ನು ಚಂದಾ ಥರದ ಸಾಫ್ಟ್‌ವೇರ್, ವೆಬ್ ಹೋಸ್ಟಿಂಗ್ (ಸೈಟ್ ಇಡಲು ಜಾಗ ಬಾಡಿಗೆ ಕೊಡುವ) ಕಂಪನಿಗಳಲ್ಲಿ ಕೆಲವು ಗ್ರಾಹಕ ಇರುವಷ್ಟು ಕಾಲ ಕಮಿಷನ್ ಕೊಡುತ್ತವೆ. ಎಲ್ಲರೂ ಅದನ್ನೇ ಮಾಡಿ ಅನ್ನುತ್ತಾರೆ. ದಾಸವಾಳ ಬೆಳೆಸುವವರಿಗೆ ಹೋಸ್ಟಿಂಗ್ ಮಾರಲಾ?

ನಾನು ಮಾಡಿದ್ದು ಇಷ್ಟೇ. ಆ ಕಂಪನಿಯ ಲಿಂಕನ್ನು ಹೊಸಬರು ಓದುವ ಪುಟಗಳಲ್ಲಿ ಮಾತ್ರ ಉಳಿಸಿದೆ. ಹಳೇ ಓದುಗರಿಗೆ 'ಕೊಳ್ಳಿ' ಅನ್ನುವ ಮೇಲ್ ನಿಲ್ಲಿಸಿದೆ, ಬದಲಿಗೆ ಋತು ನೋಡಿ ಬರೆಯುತ್ತೇನೆ. ಮಾರ್ಚ್ ಬಿಸಿಲಿಗೆ ಹಿಟ್ಟು ತಿಗಣೆ, ಜೂನ್ ಮಳೆಗೆ ಬೇರು ಕೊಳೆಯುವುದು, ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ಮುಗಿದ ವಾರ ಆಸೆಗೆ ತಂದ ಗಿಡಗಳನ್ನು ಉಳಿಸಿಕೊಳ್ಳುವುದು. ಲಿಂಕ್‌ನಿಂದ ನನಗೆ ಕಮಿಷನ್ ಬರುತ್ತದೆ ಅಂತ ಮೇಲೆಯೇ ಬರೆದಿರುತ್ತೇನೆ. ಹಿಂಡಿಯನ್ನು ಮಾತ್ರ ಸಿದ್ದಾಪುರದ ನರ್ಸರಿಯಲ್ಲೇ ತಗೊಳ್ಳಿ, ಡೆಲಿವರಿ ಚಾರ್ಜ್ ಉಳಿಯುತ್ತದೆ ಅಂತಲೂ ಬರೆದೆ. ಬಾಯಿಬಿಟ್ಟು ಕಮಿಷನ್ ಕಳಕೊಂಡೆ ಅಂತ ಸ್ನೇಹಿತ ಬೈದ. ಆ ವಿಜಯನಗರದ ಮೇಡಂ ಈ ಬೇಸಿಗೆಯಲ್ಲಿ ತಮಗೊಂದು, ತಂಗಿಗೊಂದು ಹನಿ ನೀರಾವರಿ ಕಿಟ್ ತರಿಸಿದರು, ನನ್ನ ಪುಟದಿಂದಲೇ.

ನೀವು ಯಾವ ಸಾಮಾನಿಗೆ ಲಿಂಕ್ ಕೊಡುತ್ತಿದ್ದೀರಿ ಅಂತ ಪ್ರಶ್ನೆಯಲ್ಲಿ ಹೇಳಿಲ್ಲ. ಮೊದಲು ಷರತ್ತುಗಳ ಪುಟ ತೆಗೆದು 'ಹೊಸ ಗ್ರಾಹಕ' ಅಂತ ಎಲ್ಲಾದರೂ ಇದೆಯಾ ಹುಡುಕಿ. ಇದ್ದರೆ ಆ ಸಾಲನ್ನು ಕೆಳಗೆ ಹಾಕಿ, ನೋಡೋಣ.